ಮಸಿ ಹಿಡಿದ ಮದುವೆ ಹಾರ

ಕಲ್ಲಿದ್ದಲು ತುಂಬುವ ದಿನವೊಂದನ್ನು ಯುದ್ಧನೌಕೆಯ ಮೇಲೆ ಕಳೆದವನಿಗೆ ಪಾದ್ರಿಗಳು ನರಕದ ಬಗ್ಗೆ ಹೇಳುವ ಯಾವ ಮಾತೂ ಹೊಸದೆನಿಸುವುದಿಲ್ಲ. ನಾನು ವಿಕರಿ, ಸ್ಟೆಡ್‌ಫಾಸ್ಟ್ ಹಡಗಿನ ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಿದ್ದವನು. ಆ ದಿನ ಕ್ಯಾಪ್ಟನ್ನಿನಿಂದ ಹಿಡಿದು ಅಡುಗೆಯವನ ತನಕ ಎಲ್ಲರೂ ಸಲಿಕೆ ಹಿಡಿಯಬೇಕು. ಬ್ಯಾಂಡಿನವರಿಗೆ ಮಾತ್ರ ವಿನಾಯಿತಿ. ನಾವು ಮೊದಲ ಚೀಲದಿಂದ ಕೊನೆಯ ಚೀಲದವರೆಗೆ ಬಾರಿಸುತ್ತಾ ಹೊರುವವರಿಗೆ ಹುರುಪು ತುಂಬಬೇಕು. ಪುಣ್ಯವಂತರು ಅಂದುಕೊಳ್ಳಬೇಡಿ. ತುತ್ತೂರಿ ಊದುವವನು ಮೊದಲು ಉಸಿರು ಎಳೆದುಕೊಳ್ಳಬೇಕು, ಅಲ್ಲಿ ಉಸಿರೆಂದರೆ ಅರ್ಧ ಗಾಳಿ, ಇನ್ನರ್ಧ ವೇಲ್ಸಿನ ಗಣಿ.

ಈಗಿನ ಹಡಗುಗಳು ಎಣ್ಣೆ ಕುಡಿಯುತ್ತವೆ. ಒಂದು ಕೊಳವೆ ಸಿಕ್ಕಿಸಿ, ಈಗಿನ ಹುಡುಗರು ಕೈ ಕಟ್ಟಿಕೊಂಡು ನಿಂತಿರುತ್ತಾರೆ. ಅವರಿಗೆ ಈ ಕಥೆ ಹೇಳಿದರೆ ನಂಬುವುದಿಲ್ಲ. ನಂಬದಿದ್ದರೆ ಅವರ ಹಣೆಬರಹ.

ಸ್ಟೆಡ್‌ಫಾಸ್ಟ್ ಎಂದರೆ ಇದ್ದಲ್ಲಿಂದ ಕದಲದವಳು ಎಂದು ಅರ್ಥ. ಹೆಸರಿಟ್ಟ ಪುಣ್ಯಾತ್ಮರಿಗೆ ಅವಳ ಕಾಲಲ್ಲಿ ಚಕ್ರ ಇರುವುದು ಗೊತ್ತಿರಲಿಲ್ಲ. ಮಹಾಯುದ್ಧಕ್ಕೆ ಮೊದಲಿನ ಆ ವರ್ಷಗಳಲ್ಲಿ ಪ್ಲಿಮತ್ತಿನಲ್ಲಿ ಲಂಗರು ಹಾಕಿದ್ದೇವೆ ಎಂದು ಬಟ್ಟೆ ಒಗೆದು ಹಾಕಿದರೆ, ಅದು ಒಣಗುವುದು ಜಿಬ್ರಾಲ್ಟರಿನ ಬಿಸಿಲಿನಲ್ಲಿ. ಇದರಿಂದ ಎಲ್ಲರಿಗಿಂತ ಹೆಚ್ಚು ಪೆಟ್ಟು ತಿಂದವನು ಜಾಗೋ ನ್ಯಾನ್ಸ್. ಮುಂದಿನ ದೊಡ್ಡ ಫಿರಂಗಿಯ ತಂಡದವನು, ಕಾರ್ನ್‌ವಾಲಿನ ಹುಡುಗ, ಹಲ್ಲು ಬಿಟ್ಟರೆ ಸಾಲ ಕೊಟ್ಟವನೂ ಕೇಳುವುದನ್ನು ಮರೆಯುವಂಥ ಮುಖ. ಅವನು ಮದುವೆಯಾಗಬೇಕಿದ್ದದ್ದು ಕಾಸಂಡ್ ಹಳ್ಳಿಯ ಬೆಸ್ತರ ಹುಡುಗಿ ಲವ್‌ಡೇ ಪೆಂಗೆಲಿಯನ್ನು. ಎರಡು ಸಲ ದಿನ ಗೊತ್ತಾಗಿತ್ತು. ಎರಡು ಸಲವೂ ಸ್ಟೆಡ್‌ಫಾಸ್ಟ್ ಮುಹೂರ್ತಕ್ಕೆ ಸರಿಯಾಗಿ ಹೊಗೆ ಬಿಟ್ಟುಕೊಂಡು ಹೊರಟುಹೋಗಿತ್ತು. ಜಾಗೋ ಬೆಸ್ತರ ದೋಣಿಯೊಂದನ್ನು ಕೂಗಿ ಕರೆದು ‘ಈ ಸಲ ಆಗಲ್ಲ ಅಂತ ಹೇಳಿಬಿಡಿ’ ಎಂದು ಮಾತು ಕಳಿಸಿದ್ದ. ಹುಡುಗಿ ಬಿಳಿ ಗೌನು ತೊಟ್ಟುಕೊಂಡು ಚರ್ಚಿನ ಬಾಗಿಲಲ್ಲಿ ಆ ಮಾತನ್ನು ಕೇಳಿಸಿಕೊಂಡಿದ್ದಳು, ಊರಿಗೆ ಊರೇ ನೋಡುತ್ತಿರುವಾಗ.

ಅದರ ಜೊತೆಗೆ ಹಾಕಿಂಗ್ ಎಂಬ ಬೇಕರಿಯವನೊಬ್ಬನಿದ್ದ. ಒಳ್ಳೆಯವನೇ, ಗುಂಡುಗುಂಡಗೆ, ಹಿಟ್ಟಿನ ವಾಸನೆಯವನು. ಎರಡು ಸಲವೂ ಮದುವೆಯ ಕೇಕು ಮಾಡಿದವನು ಅವನೇ, ಎರಡು ಸಲವೂ ಲವ್‌ಡೇಯ ಕಣ್ಣೊರೆಸಲು ಕರ್ಚೀಫು ಕೊಟ್ಟವನೂ ಅವನೇ. ಎರಡನೆಯ ಸಲ ಕರ್ಚೀಫಿನ ಜೊತೆ, “ನನ್ನ ಬೇಕರಿ ಎಲ್ಲಿಗೂ ಹೋಗಲ್ಲ ನೋಡು” ಎಂದಿದ್ದನಂತೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಹಾಗಾಗಿ ಮೂರನೆಯ ದಿನ ಗೊತ್ತುಮಾಡುವಾಗ ಲವ್‌ಡೇ ಷರತ್ತು ಹಾಕಿದಳು. ನಮ್ಮ ನೌಕಾಪಡೆಯಲ್ಲಿ ಹಡಗಿನವನೊಬ್ಬನ ಮದುವೆ ಇದ್ದ ದಿನ ಹಸಿರೆಲೆ, ಬಿಳಿ ರಿಬ್ಬನ್ನಿನ ದೊಡ್ಡ ಹಾರವೊಂದನ್ನು ಕಂಬಗಳ ನಡುವಿನ ಹಗ್ಗದಲ್ಲಿ ಏರಿಸುತ್ತಾರೆ. ಅಜ್ಜಂದಿರ ಕಾಲದ ಪದ್ಧತಿ. “ನಿನ್ನ ಮಾತು ಬೇಡ, ಮಾತು ಕೇಳಿ ಸಾಕಾಗಿದೆ” ಎಂದಳಂತೆ ಅವಳು. “ಬೆಳಿಗ್ಗೆ ಹಾರ ಕಂಡ್ರೆ ಗೌನು ಹಾಕ್ಕೋತೀನಿ. ಕಾಣದಿದ್ರೆ ಹಾಕಿಂಗ್‌ಗೆ ಹೂಂ ಅಂತೀನಿ. ನಾಲ್ಕನೇ ಸಲ ಅನ್ನೋದು ಇಲ್ಲ ಜಾಗೋ.”

ಜಾಗೋ ನನ್ನನ್ನು ಮದುಮಗನ ಜೊತೆಗಾರನಾಗೆಂದು ಕೇಳಿದ. ನಾವಿಕರಿಗೂ ಬ್ಯಾಂಡಿನವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ, ನನಗೆ ಆಶ್ಚರ್ಯವಾಯಿತು.

“ನಿನ್ನ ತಂಡದಲ್ಲಿ ಗಂಡಸರಿಲ್ವೇನೋ?” ಎಂದೆ.

“ಅವರಲ್ಲಿ ಒಬ್ಬನ್ನ ಆರಿಸಿದ್ರೆ ಮಿಕ್ಕವರೆಲ್ಲ ಮುನಿಸ್ಕೋತಾರೆ. ನಿನ್ನ ಆರಿಸಿದ್ರೆ ಎಲ್ಲರೂ ಒಟ್ಟಿಗೆ ಮುನಿಸ್ಕೋತಾರೆ, ಜಗಳ ಇರಲ್ಲ” ಎಂದ. ಉಂಗುರವನ್ನು ನನ್ನ ಕೈಗಿಟ್ಟ. ಅದನ್ನು ತುತ್ತೂರಿಯ ಪೆಟ್ಟಿಗೆಯಲ್ಲಿ ಮಖಮಲ್ಲಿನ ಕೆಳಗೆ ಇಟ್ಟೆ. ಇಡೀ ಹಡಗಿನಲ್ಲಿ ಕಲ್ಲಿದ್ದಲಿನ ಪುಡಿ ಹೋಗಲು ನಾನು ಬಿಡದ ಜಾಗ ಅದೊಂದೇ.

ಶುಕ್ರವಾರ ಸಂಜೆ ಕಾಸಂಡ್ ಕೊಲ್ಲಿಯಲ್ಲೇ ಲಂಗರು ಬಿತ್ತು. ಲವ್‌ಡೇಯ ಮನೆಯ ಕಿಟಕಿ ಕಾಣುವಷ್ಟು ಹತ್ತಿರ. ಶನಿವಾರ ಬೆಳಕು ಹರಿಯುತ್ತಲೇ ಜಾಗೋನ ತಂಡದವರು ಹಾರವನ್ನು ಏರಿಸಿದರು. ಎಂಥ ಹಾರ ಅದು, ಗಾಡಿಯ ಚಕ್ರದಷ್ಟು ಅಗಲ. ರಿಬ್ಬನ್ನುಗಳು ಗಾಳಿಗೆ ಪಟಪಟ ಎನ್ನುತ್ತಿದ್ದವು. ದಡದಲ್ಲಿ ಒಂದು ಕಿಟಕಿ ತೆರೆದು ಯಾರೋ ಮೇಜಿನ ಬಟ್ಟೆ ಬೀಸಿದರು. ಜಾಗೋ ಹಡಗಿನ ಅಂಚಿನಲ್ಲಿ ಕುಣಿದ. ನಾನೂ ಒಂದು ಹೆಜ್ಜೆ ಹಾಕಿರಬಹುದು, ನೆನಪಿಲ್ಲ.

ಆಗ ಭೂಶಿರವನ್ನು ಬಳಸಿಕೊಂಡು ಕಲ್ಲಿದ್ದಲಿನ ಹಡಗು ಬಂತು.

ಸೋಮವಾರ ಹೊರಡಬೇಕು, ಹೊಟ್ಟೆ ತುಂಬಿಸಿ ಎಂದು ಆಜ್ಞೆ. ನಮ್ಮ ಕ್ಯಾಪ್ಟನ್ ಡ್ರೂಯಿಟ್ ಅವರ ನಿಯಮ ಗೊತ್ತಿದ್ದದ್ದೇ: ಕೊನೆಯ ಚೀಲ ಒಳಗೆ ಬಿದ್ದು, ಹಡಗು ತೊಳೆದು ಹೊಳೆಯುವ ತನಕ ಒಂದು ನರಪಿಳ್ಳೆಯೂ ದಡಕ್ಕೆ ಇಳಿಯುವಂತಿಲ್ಲ. ಅದು ಸಾಮಾನ್ಯವಾಗಿ ಕತ್ತಲಾಗುವ ಹೊತ್ತು. ಇತ್ತ ಇಂಗ್ಲೆಂಡಿನ ಕಾನೂನಿನಲ್ಲಿ ಮಧ್ಯಾಹ್ನ ಮೂರರ ಮೇಲೆ ಯಾವ ಪಾದ್ರಿಯೂ ಮದುವೆ ಮಾಡಿಸುವಂತಿಲ್ಲ, ಮಾಡಿಸಿದರೆ ಪಾದ್ರಿಗೇ ಶಿಕ್ಷೆ. ಜಾಗೋನ ಮುಖ ನೋಡಲಾಗಲಿಲ್ಲ.

“ಹಾರನಾದ್ರೂ ಇಳಿಸೋಣ್ವಾ?” ಎಂದ ಕೆಂಪು ಗಡ್ಡದ ಬುಲ್ಲರ್, ತಂಡದ ಹಿರಿಯ.

“ಇಳಿಸಿದ್ರೆ ಮದುವೆ ಮುರಿದುಹೋಯ್ತು ಅಂತ ಅರ್ಥ ಕಣೋ. ಅವಳು ನೋಡ್ತಾ ಇದಾಳೆ” ಎಂದ ಜಾಗೋ.

ಅದು ನಿಜ. ಏರಿಸಿದ ಹಾರವನ್ನು ಮದುವೆ ಮುಗಿಯುವ ಮೊದಲು ಇಳಿಸುವುದು ಅಪಶಕುನದಲ್ಲೇ ದೊಡ್ಡ ಅಪಶಕುನ. ಹಾರ ಅಲ್ಲೇ ಉಳಿಯಿತು. ಕಲ್ಲಿದ್ದಲು ತುಂಬುವ ಹಡಗಿನ ಮೇಲೆ ಬಿಳಿ ರಿಬ್ಬನ್ನನ್ನು ಬಿಟ್ಟರೆ ಏನಾಗುತ್ತದೆ ಎಂದು ಆ ಗಡಿಬಿಡಿಯಲ್ಲಿ ಒಬ್ಬನಿಗೂ ಹೊಳೆಯಲಿಲ್ಲ, ನನ್ನನ್ನೂ ಸೇರಿಸಿ.

ಕಲ್ಲಿದ್ದಲಿನ ದಿನ ಸಮವಸ್ತ್ರ ಹಾಕುವುದಿಲ್ಲ. ಹರಕು ಮುರುಕು ಏನು ಸಿಕ್ಕಿದರೂ ಧರಿಸಬಹುದು, ಅದೊಂದೇ ದಿನ ನೌಕಾಪಡೆ ಕಣ್ಣು ಮುಚ್ಚಿಕೊಳ್ಳುತ್ತದೆ. ಒಬ್ಬ ಬಿಷಪ್ಪನಾಗಿ ಬಂದ, ಇನ್ನೊಬ್ಬ ರಾತ್ರಿಯಂಗಿ ತೊಟ್ಟು ಎತ್ತರದ ಹ್ಯಾಟು ಹಾಕಿಕೊಂಡು ಬಂದ. ಜಾಗೋನ ತಂಡದವರು ಅವನ ಸಂಕಟ ಮರೆಸಲೆಂದು ಹಳೆಯ ಪರದೆಗಳನ್ನು ತಲೆಗೆ ಕಟ್ಟಿಕೊಂಡು, ಹಿಟ್ಟಿನ ಚೀಲಗಳನ್ನು ಲಂಗವಾಗಿ ಉಟ್ಟುಕೊಂಡು, ಒಬ್ಬರ ತೋಳು ಒಬ್ಬರು ಹಿಡಿದು ಮದುಮಗಳುಗಳಾಗಿ ಮೆರವಣಿಗೆ ಬಂದರು. ಬುಲ್ಲರ್ ಗಡ್ಡಕ್ಕೂ ರಿಬ್ಬನ್ ಕಟ್ಟಿಕೊಂಡಿದ್ದ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುತ್ತಾರಲ್ಲ, ಅಲ್ಲಿ ಒಬ್ಬನ ಮದುವೆಗೆ ಹಡಗಿಗೆ ಹಡಗೇ ಹುಚ್ಚು ಹಿಡಿಸಿಕೊಂಡಿತ್ತು.

ನಾವು ಬಾರಿಸಿದೆವು, ಅವರು ಹೊತ್ತರು. ಜಾಗೋ ಕಲ್ಲಿದ್ದಲಿನ ಹಡಗಿನ ಹೊಟ್ಟೆಗಿಳಿದು ದೆವ್ವ ಬಡಿದವನಂತೆ ಸಲಿಕೆ ಬೀಸುತ್ತಿದ್ದ. ರಾಟೆಗಳು ಕಿರುಗುಟ್ಟುತ್ತಾ ಚೀಲಗಳನ್ನು ಎತ್ತಿ ನಮ್ಮ ಹಡಗಿನ ಅಟ್ಟದ ಮೇಲೆ ಸುರಿಯುತ್ತಿದ್ದವು. ಸ್ವಲ್ಪ ಹೊತ್ತಿಗೆಲ್ಲ ಹೊಗೆಯಂಥ ಪುಡಿ ಎದ್ದು ಹಡಗು ಮುಚ್ಚಿಹೋಯಿತು. ಬಿಷಪ್ ಯಾರು, ಮದುಮಗಳು ಯಾರು, ಕ್ಯಾಪ್ಟನ್ ಯಾರು, ಒಂದೂ ಗೊತ್ತಾಗದು. ಕಣ್ಣು, ಹಲ್ಲು ಬಿಟ್ಟರೆ ಉಳಿದದ್ದೆಲ್ಲ ಒಂದೇ ಮಸಿ. ಮೇಲೆ ನೋಡುವ ಮಾತೇ ಇಲ್ಲ, ಮೇಲೆ ನೋಡಿದರೆ ಕಣ್ಣಿಗೆ ಚೂರು ಬೀಳುತ್ತಿತ್ತು. ನಾನೊಬ್ಬ ಮಾತ್ರ ತುತ್ತೂರಿ ಒರೆಸುವ ಬಟ್ಟೆಯಿಂದ ಆಗಾಗ ಮುಖ ಒರೆಸಿಕೊಳ್ಳುತ್ತಿದ್ದೆ, ಅಷ್ಟಾದರೂ ಮಾನ ಬೇಡವೇ.

ಮಧ್ಯಾಹ್ನ ಗಾಳಿ ತಿರುಗಿತು. ಪುಡಿಯ ಮೋಡ ಸರಿದು ಹಡಗು ದಡಕ್ಕೆ ಕಂಡಿತು. ಅದಾಗಿ ಸ್ವಲ್ಪ ಹೊತ್ತಿಗೆ ಬೆಸ್ತರ ದೋಣಿಯೊಂದು ನಮ್ಮ ಏಣಿಯ ಬುಡಕ್ಕೆ ಬಂದು ಬಡಿಯಿತು. ಅದರಲ್ಲಿ ಲವ್‌ಡೇಯ ಅಪ್ಪ ಮುದುಕ ಪೆಂಗೆಲಿ, ಹ್ಯಾಟು ತೆಗೆದು ಎದೆಗೆ ಒತ್ತಿಕೊಂಡು ನಿಂತಿದ್ದ.

“ಸತ್ತೋರು ಯಾರಪ್ಪಾ?” ಎಂದು ಕೂಗಿದ.

“ಯಾರೂ ಸತ್ತಿಲ್ಲ ಯಜಮಾನ್ರೇ. ಯಾಕೆ?” ಎಂದ ಏಣಿಯ ಕಾವಲಿನವನು.

“ಮತ್ತೆ ಆ ಕರೀ ಹಾರ ಯಾರಿಗೆ?”

ಆಗ ಎಲ್ಲರೂ ಮೇಲೆ ನೋಡಿದೆವು. ಒಂದು ಹಸಿರೆಲೆ ಇಲ್ಲ, ಬಿಳಿಯ ಒಂದು ನೂಲಿಲ್ಲ. ಹೊಗೆಕೊಳವೆಯ ಬಾಯಿಂದ ತೆಗೆದು ನೇತುಹಾಕಿದ ಹಾಗೆ ಹಾರ ಕರ್ರಗೆ ತೂಗುತ್ತಿತ್ತು. ಬೆಳಿಗ್ಗೆ ಹಸಿರು ಕಂಡು ಗೌನು ತೊಟ್ಟವಳು ಮಧ್ಯಾಹ್ನ ದುರ್ಬೀನಿನಲ್ಲಿ ಕಂಡದ್ದು ಅದನ್ನು. ನಾನು ಊದುತ್ತಿದ್ದ ರಾಗ ಅರ್ಧಕ್ಕೇ ಸತ್ತುಹೋಯಿತು.

ಅಷ್ಟರಲ್ಲಿ ಮುದುಕನನ್ನು ಪಕ್ಕಕ್ಕೆ ಸರಿಸಿ ಅವಳೇ ಏಣಿ ಹತ್ತಿ ಬಂದಳು. ಕಾಲಿನ ತನಕ ಬಿಳಿ ಗೌನು, ಕೈಗೆ ಬಿಳಿ ಗವಸು. ಬಿಳಿಚಿಕೊಂಡ ಮುಖ ಎರಡಕ್ಕಿಂತಲೂ ಬಿಳಿ. ಅವಳ ಎದುರು ನಿಂತವರು ಗಡ್ಡದ ಮದುಮಗಳುಗಳು.

“ನೀನ್ಯಾರಮ್ಮ?” ಎಂದ ಬುಲ್ಲರ್, ನಾಲಿಗೆ ತಡೆಯಲಾರದೆ. “ಇವತ್ತು ಇಲ್ಲಿ ಮದುಮಗಳು ನಾನು.”

ಅವಳು ನಗಲಿಲ್ಲ. “ಜಾಗೋ ಎಲ್ಲಿ?”

“ನಾನೇ” ಎಂದ ಬಿಷಪ್ಪ. “ನಾನೇ” ಎಂದ ರಾತ್ರಿಯಂಗಿ. ಆಮೇಲೆ ಹಡಗಿನ ತುದಿಯಿಂದ ತುದಿಗೆ ನಾನೇ ನಾನೇ ಎಂಬ ಕೂಗು ಹಬ್ಬಿತು. ತಮಾಷೆಯೇ ಸರಿ, ಆದರೆ ಆ ಹುಡುಗಿಯ ತುಟಿ ನಡುಗುತ್ತಿದ್ದುದು ನನಗೆ ಹತ್ತಿರದಿಂದ ಕಾಣುತ್ತಿತ್ತು. ಆ ಪೋಲಿಗಳ ತಲೆಗೆ ತುತ್ತೂರಿಯಿಂದ ಬಾರಿಸಬೇಕು ಅನ್ನಿಸಿತು. ತುತ್ತೂರಿ ನೆಗ್ಗುತ್ತದೆಂದು ಸುಮ್ಮನಾದೆ.

ಅವಳು ಉಸಿರು ಎಳೆದುಕೊಂಡು, ಕಲ್ಲಿದ್ದಲಿನ ಹಡಗಿಗೆ ಕೇಳುವಂತೆ ಹೇಳಿದಳು: “ಸರಿ. ಜಾಗೋ ನ್ಯಾನ್ಸ್ ಸತ್ತಿದ್ರೆ ದೇವರು ಅವನಿಗೆ ಒಳ್ಳೇದು ಮಾಡ್ಲಿ. ಅಪ್ಪಾ, ದೋಣಿ ತಿರುಗ್ಸು. ಹಾಕಿಂಗ್ ಬೇಕರಿ ತೆರೆದಿರುತ್ತೆ.”

ಕೆಳಗೆ ಒಂದು ಸಲಿಕೆ ಠಣ್ಣೆಂದು ಬಿತ್ತು. ಮಸಿಯ ಮುದ್ದೆಯೊಂದು ಹಗ್ಗ ಹಿಡಿದು ಹತ್ತಿ, ಅಂಚು ಹಾರಿ, ಅವಳಿಂದ ಒಂದು ಮಾರು ದೂರದಲ್ಲಿ ನಿಂತುಬಿಟ್ಟಿತು. ಎರಡೂ ಕೈ ಬೆನ್ನ ಹಿಂದೆ.

“ಬದುಕಿದ್ದೀಯಾ?” ಎಂದಳು.

“ಇದ್ದೀನಿ ಅನ್ಸುತ್ತೆ.”

“ಹತ್ರ ಬಾ.”

“ಬರಲ್ಲ. ಆ ಗೌನಿಗೆ ನಿಮ್ಮಮ್ಮ ಮೂರು ಸಲ ಹೊಲಿಗೆ ಹಾಕಿದಾರೆ. ಒಂದು ಬೆರಳಿನ ಗುರುತು ಬಿದ್ರೂ ನನ್ನ ಚರ್ಮ ಸುಲೀತಾರೆ.”

ಅವಳ ಮುಖಕ್ಕೆ ಬಣ್ಣ ಬಂತು. ಬಣ್ಣದ ಹಿಂದೆಯೇ ಸಿಟ್ಟೂ ಬಂತು. ಸಿಟ್ಟಿಗೆ ಸಿಕ್ಕಿದವನು ಪಕ್ಕದಲ್ಲೇ ಹರಕು ಹುಲ್ಲಿನ ಹ್ಯಾಟು ಹಾಕಿಕೊಂಡು ಚೀಲದ ಮೇಲೆ ಕುಳಿತಿದ್ದ ಒಬ್ಬ ಸಣಕಲು ಮಸಿಯ ಮನುಷ್ಯ.

“ನೀವೇ ಹೇಳಿ, ಯಾರ್ರೀ ಅವನು, ಮದುವೆ ದಿನಾನೇ ಕಲ್ಲಿದ್ದಲು ತುಂಬ್ಸೋ ಗೂಬೆ? ಎರಡು ಸಲ ನನ್ನ ಮದುವೆ ಮುರಿದೋನೂ ಅವನೇ ತಾನೆ? ಅವನಿಗೇನು ಹೆಂಡ್ತಿ ಮಕ್ಕಳಿಲ್ವಾ?”

ರಾಟೆಗಳು ನಿಂತವು. ಹುಲ್ಲಿನ ಹ್ಯಾಟಿನವನು ಎದ್ದು ನಿಂತು ಹ್ಯಾಟು ತೆಗೆದ. ಮಸಿ ಮುಟ್ಟದ ಬಕ್ಕತಲೆಯೊಂದು ಬೆಳ್ಳಗೆ ಹೊಳೆಯಿತು.

“ಆ ಗೂಬೆ ನಾನೇ ಕಣಮ್ಮ” ಎಂದರು ಕ್ಯಾಪ್ಟನ್ ಡ್ರೂಯಿಟ್. “ಹೆಂಡ್ತಿ ಇದಾಳೆ. ಅವಳೂ ಇದೇ ಮಾತು ಹೇಳ್ತಾಳೆ.”

ಲವ್‌ಡೇ ಕೆಂಪಗಾದಳು, ಆದರೆ ಬೆಸ್ತರ ಮಗಳು, ಹಿಂದೆ ಸರಿಯಲಿಲ್ಲ. “ಹಾಗಾದ್ರೆ ಅವನನ್ನ ಬಿಡಿ ಸರ್. ಮೂರು ಗಂಟೆ ಆದ್ಮೇಲೆ ಪಾದ್ರಿಗಳು ಮದುವೆ ಮಾಡಿಸಲ್ಲ.”

“ಕೊನೇ ಚೀಲ ಬೀಳೋ ತನಕ ಬಿಡೋ ಹಾಗಿಲ್ಲ. ಇವನನ್ನ ಬಿಟ್ರೆ ನಾಳೆ ಎಲ್ಲರ ಅಜ್ಜಿನೂ ಕಲ್ಲಿದ್ದಲಿನ ದಿನಾನೇ ಸಾಯ್ತಾಳೆ.”

ನಾವಿಕರೆಲ್ಲ ತಲೆ ತಗ್ಗಿಸಿದರು. ಅಜ್ಜಿಯಂದಿರ ಲೆಕ್ಕ ಅವರಿಗೂ ಗೊತ್ತಿತ್ತು.

“ಇನ್ನೆಷ್ಟಿದೆ?” ಎಂದಳು ಲವ್‌ಡೇ.

“ತುಂಬಾ ಇದೆ” ಎಂದ ಬುಲ್ಲರ್.

ಅವಳು ತಲೆಯ ಮೇಲಿನ ತೆಳುಪರದೆಯನ್ನು ಗಂಟು ಹಾಕಿದಳು, ಗಾಳಿ ಪುಡಿಯನ್ನು ಆಚೆಗೆ ಒಯ್ಯುವ ಕಡೆ ಹೋಗಿ, ಹಿಂದೆಯೇ ಹತ್ತಿಬಂದಿದ್ದ ಅಪ್ಪನ ಕೋಟನ್ನು ಲಂಗರಿನ ರಾಟೆಯ ಮೇಲೆ ಹಾಸಿ ಕುಳಿತಳು. “ಹಾಗಾದ್ರೆ ನೋಡ್ತಾ ಏನು ನಿಂತಿದೀರಾ? ಹೊರ್ರಿ. ನಾನಿಲ್ಲೇ ಕೂತಿರ್ತೀನಿ.” ಆಮೇಲೆ ನನ್ನ ಕಡೆ ತಿರುಗಿ, “ನೀವು ಊದೋದು ಇಷ್ಟು ನಿಧಾನವಾದ್ರೆ ಅವರು ಹೊರೋದೂ ನಿಧಾನವೇ. ಸಾವಿನ ಮನೆ ರಾಗ ಬಿಟ್ಟು ಬೇರೆ ಬರಲ್ವಾ?” ಎಂದಳು.

ನನ್ನ ಕಸುಬಿನಲ್ಲಿ ಅಂಥ ಮಾತನ್ನು ಯಾರೂ ಆಡಿರಲಿಲ್ಲ. ನಾನು ಊದಿದೆ. ಕೆನ್ನೆ ಹರಿಯುವಂತೆ ಊದಿದೆ. ನಗಾರಿಯವನು ನನ್ನ ಹಿಂದೆ ಓಡಿಬಂದ, ಅವನ ಹಿಂದೆ ಚೀಲಗಳು ಓಡಿದವು. ಆ ಮಧ್ಯಾಹ್ನ ಸ್ಟೆಡ್‌ಫಾಸ್ಟ್ ಕಲ್ಲಿದ್ದಲು ತುಂಬಿದ ವೇಗವನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಮದುಮಗಳುಗಳು ಲಂಗ ಎತ್ತಿಕಟ್ಟಿ ಓಡುತ್ತಿದ್ದರು. ಬಿಷಪ್ಪ ಆಡಬಾರದ ಮಾತು ಆಡುತ್ತಿದ್ದ. ಕ್ಯಾಪ್ಟನ್ ಸ್ವತಃ ಕೈಗಾಡಿ ತಳ್ಳುತ್ತಾ “ದಾರಿ ಬಿಡಿ, ಗೂಬೆ ಬಂತು” ಎಂದು ಕೂಗುತ್ತಿದ್ದರು. ಹಡಗಿಗೆ ಹಡಗೇ ನಗುತ್ತಿತ್ತು, ಕೆಮ್ಮುತ್ತಾ ನಗುತ್ತಿತ್ತು. ಮುದುಕ ಪೆಂಗೆಲಿ ಅರ್ಧಕ್ಕೆ ಅಂಗಿಯ ತೋಳು ಮಡಚಿ ಸಲಿಕೆ ಕೇಳಿದ.

ಕೊನೆಯ ಚೀಲ ಬಿದ್ದಾಗ ಎರಡೂವರೆ ಆಗಿತ್ತು. ಗೆದ್ದೆವು ಎಂದು ಕುಣಿದವರು ತಟ್ಟನೆ ಸುಮ್ಮನಾದರು. ಹಡಗು ತೊಳೆಯುವುದು ಬಾಕಿ ಇತ್ತು. ಅದಕ್ಕೆ ಕತ್ತಲಾಗುತ್ತದೆ. ಜಾಗೋ ಗಡಿಯಾರ ನೋಡಿ ಅಲ್ಲೇ ಕುಸಿದು ಕುಳಿತ.

ಕ್ಯಾಪ್ಟನ್ ಕತ್ತೆತ್ತಿ ಮೇಲಿನ ಕರಿಯ ಹಾರವನ್ನು ಬಹಳ ಹೊತ್ತು ನೋಡಿದರು.

“ಮಿಸ್ಟರ್ ಬುಲ್ಲರ್, ಹಾರ ಮೇಲಿರೋವಾಗ ಹಡಗು ಏನು?”

“ಮದುವೆ ಮನೆ, ಸರ್” ಎಂದ ಬುಲ್ಲರ್.

“ಮದುವೆ ಮನೆಯನ್ನ ಯಾವಾಗ ತೊಳೀತಾರೆ?”

“ಮದುವೆ ಆದ್ಮೇಲೆ, ಸರ್.”

“ನಮ್ಮ ಮನೇಲೂ ಹಾಗೇ ಮಾಡಿದ್ರು. ನನ್ನ ಹಬೆದೋಣಿ ತಗೊಂಡು ಹೋಗಿ. ಮದುಮಗ, ತುತ್ತೂರಿಯವನು, ಮತ್ತೆ ಈ ದರಿದ್ರ ಮದುಮಗಳುಗಳು. ಮುಖ ತೊಳೆಯೋಕೆ ನಿಂತವನ ಕಾಲು ಮುರೀತೀನಿ.”

ದೋಣಿ ನೀರು ಸೀಳಿಕೊಂಡು ಹೋಯಿತು. ಲವ್‌ಡೇ ಮುಂದಿನ ತುದಿಯಲ್ಲಿ, ಜಾಗೋ ಹಿಂದಿನ ತುದಿಯಲ್ಲಿ, ಕೈಗಳು ಇನ್ನೂ ಬೆನ್ನ ಹಿಂದೆಯೇ. ಅಲೆ ಎಬ್ಬಿಸಿ ಕುಲುಕಿದಾಗಲೂ ಅವನು ಏನನ್ನೂ ಹಿಡಿದುಕೊಳ್ಳಲಿಲ್ಲ, ಬುಲ್ಲರ್‌ನ ಮಡಿಲಿಗೆ ಬಿದ್ದ. ಗುಡ್ಡ ಹತ್ತುವಾಗ ಊರಿನ ನಾಯಿಗಳೆಲ್ಲ ನಮ್ಮ ಹಿಂದೆ ಬಂದವು. ಚರ್ಚಿನ ಬಾಗಿಲಲ್ಲಿ ಹಾಕಿಂಗ್ ನಿಂತಿದ್ದ, ಕೈಯಲ್ಲಿ ಕರ್ಚೀಫು ಸಿದ್ಧವಾಗಿ. ನಮ್ಮನ್ನು ನೋಡಿ ಅದರಿಂದ ಬಾಯಿ ಮುಚ್ಚಿಕೊಂಡ.

ಒಳಗೆ ಇಳಿವಯಸ್ಸಿನ ಪಾದ್ರಿಗಳು, ಕಣ್ಣು ಅಷ್ಟಕ್ಕಷ್ಟೇ. ಸಾಲುಗಟ್ಟಿ ನಿಂತ ಮಸಿಯ ಮದುಮಗಳುಗಳನ್ನು ನೋಡಿ ಕನ್ನಡಕ ಒರೆಸಿಕೊಂಡರು. ಆಮೇಲೆ ಅಲ್ಲಿ ಮುಖವೆಂದು ಕಾಣುತ್ತಿದ್ದ ಒಂದೇ ಮುಖವನ್ನು ಹಿಡಿದು ಲವ್‌ಡೇಯ ಪಕ್ಕ ನಿಲ್ಲಿಸಿ ಶುರುಮಾಡಿಬಿಟ್ಟರು. ಆ ಮುಖ ನನ್ನದು. ಮಾನಕ್ಕಂಜಿ ಮುಖ ಒರೆಸಿಕೊಂಡದ್ದಕ್ಕೆ ಸಿಕ್ಕ ಫಲ.

“ಈ ಹೆಣ್ಣನ್ನ ಹೆಂಡತಿಯಾಗಿ ಸ್ವೀಕರಿಸ್ತೀಯಾ?” ಎಂದರು.

ನಾನು ತುತ್ತೂರಿಯ ಪೆಟ್ಟಿಗೆಯಲ್ಲಿ ಉಂಗುರ ಹುಡುಕುತ್ತಿದ್ದೆ. ತಲೆಯಲ್ಲಿ ಏನಿತ್ತೋ, “ಹೂಂ...” ಎಂದುಬಿಟ್ಟೆ.

“ಇವರಲ್ಲ ಸ್ವಾಮಿ” ಎಂದಳು ಲವ್‌ಡೇ ಸಾವಧಾನವಾಗಿ. “ಆ ಕಲ್ಲಿದ್ದಲಿನ ಮೂಟೆ ನಂದು.”

ಬುಲ್ಲರ್ ಬೆಂಚು ಕಚ್ಚಿಕೊಂಡು ನಕ್ಕ. ಪಾದ್ರಿಗಳು ನನ್ನನ್ನು ಪಕ್ಕಕ್ಕೆ ತಳ್ಳಿ ಮೊದಲಿನಿಂದ ಆರಂಭಿಸಿದರು, ಗಡಿಯಾರ ನೋಡುತ್ತಾ ಮಂತ್ರವನ್ನು ಓಡಿಸಿದರು. ಕೈ ಹಿಡಿಯುವ ಹೊತ್ತಿಗೆ ಅವಳು ಗವಸು ಬಿಚ್ಚಿದಳು. ಉಂಗುರ ಮಾತ್ರ ಹೊಳೆಯಿತು, ಮಖಮಲ್ಲಿನ ಪುಣ್ಯದಿಂದ. ಗಂಡ ಹೆಂಡಿರೆಂದು ಪಾದ್ರಿಗಳು ಹೇಳಿ ಮುಗಿಸಿದ ಮೇಲೆ ಗೋಪುರದ ಗಂಟೆ ಮೂರು ಹೊಡೆಯಿತು.

ಜಾಗೋ ಮತ್ತೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ನಗುತ್ತಿದ್ದ, ಕಣ್ಣೀರು ಮಸಿಯಲ್ಲಿ ಎರಡು ದಾರಿ ಮಾಡಿಕೊಂಡು ಇಳಿಯುತ್ತಿತ್ತು. ಲವ್‌ಡೇ ಅವನ ಹಿಂದಕ್ಕೆ ಹೋಗಿ, ಬಲಗೈಯನ್ನು ಹಿಡಿದು ಮುಂದಕ್ಕೆ ಎಳೆದು, ತನ್ನ ಎಡಭುಜದ ಮೇಲೆ ಅಂಗೈ ಪೂರ್ತಿ ಊರುವಂತೆ ಒತ್ತಿ ಹಿಡಿದಳು. ತೆಗೆದಾಗ ಅಲ್ಲಿ ಐದು ಬೆರಳೂ ಮೂಡಿದ್ದವು.

ಅವಳ ಅಮ್ಮ ಕಿಟಾರನೆ ಕಿರುಚಿ, ಹಾಕಿಂಗ್‌ನ ಕರ್ಚೀಫನ್ನೇ ಕಿತ್ತುಕೊಂಡು ಉಜ್ಜಲು ಓಡಿಬಂದಳು.

“ಬಿಡಮ್ಮ” ಎಂದಳು ಲವ್‌ಡೇ. “ಎರಡು ಸಲ ಬರೀ ಮಾತು ಬಂದಿತ್ತು. ಈ ಸಲ ಕೈ ಬಂದಿದೆ. ಒರೆಸಬೇಡ.”